ಪರಮಾಣು ಇದೆಯೆಂದು ನಿನಗೆ ಹೇಗೆ ಗೊತ್ತು?

ಕಳೆದ ವರ್ಷ ನಮ್ಮ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ವಾಚಕರ ಮುಂದಿಟ್ಟು ಈ ಲೇಖನವನ್ನು ಆರಂಭಿಸುತ್ತೇವೆ. ಕಾಲೇಜಿಗೆ ಆಗತಾನೆ ಸೇರಿದ ವಿದ್ಯಾರ್ಥಿಗಳಿಗೆ ದ್ರವ್ಯದ ರಚನೆಯನ್ನು ಕುರಿತು ಪಾಠ ಹೇಳಬೇಕಾಗಿತ್ತು. ಅವರಿಗೆ ಮೊದಲೇ ಎಷ್ಟು ತಿಳಿದಿದೆ ನೋಡೋಣವೆಂದು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನನ್ನು ಎಬ್ಬಿಸಿ, “ಪರಮಾಣು ಎಂದರೇನಪ್ಪ?” ಎಂದು ಕೇಳಿದೆವು. ಹುಡುಗ ಚುರುಕಾದವನು, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 100ಕ್ಕೆ 98 ಅಂಕಗಳನ್ನು ಪಡೆದವನು. ಒಂದು ಕ್ಷಣವೂ ತಡವರಿಸದೆ ಉತ್ತರ ಹೇಳಿದನು: “ವಸ್ತುವಿನ ಅತ್ಯಂತ ಸೂಕ್ಷ್ಮವಾದ, ಒಡೆಯಲಾಗದ ಕಣವೇ ಪರಮಾಣು, ಸರ್. ಅದರ ನಡುವೆ ಪ್ರೋಟಾನು ನ್ಯೂಟ್ರಾನುಗಳಿರುವ ನ್ಯೂಕ್ಲಿಯಸ್ಸಿದೆ. ಸುತ್ತಲೂ ಎಲೆಕ್ಟ್ರಾನುಗಳು ತಿರುಗುತ್ತವೆ.”

ಒಡೆಯಲಾಗದ್ದು ಎಂದು ಹೇಳಿ, ಮರುವಾಕ್ಯದಲ್ಲಿಯೇ ಅದರೊಳಗಿನ ಭಾಗಗಳನ್ನು ಎಣಿಸಿದ್ದು ತರಗತಿಯಲ್ಲಿ ಯಾರಿಗೂ ವಿಚಿತ್ರವಾಗಿ ತೋರಲಿಲ್ಲ. “ಸರಿ, ಇದೆಲ್ಲ ನಿಜವೆಂದು ನಿನಗೆ ಹೇಗೆ ಗೊತ್ತು?” ಎಂದು ಕೇಳಿದೆವು. ಅವನು ಆಶ್ಚರ್ಯದಿಂದ ನಮ್ಮನ್ನು ನೋಡಿ, “ಪುಸ್ತಕದಲ್ಲಿದೆಯಲ್ಲ, ಸರ್” ಎಂದನು. “ಆದಿಶೇಷನು ಭೂಮಿಯನ್ನು ಹೊತ್ತಿದ್ದಾನೆಂದೂ ಪುಸ್ತಕದಲ್ಲಿದೆ. ಅದನ್ನು ನಂಬುವೆಯಾ?” ಎಂದೆವು. ತರಗತಿಯೆಲ್ಲ ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಬಹು ವಿನಯದಿಂದಲೇ, “ಹಾಗಾದರೆ ತಮಗೆ ಹೇಗೆ ಗೊತ್ತು, ಸರ್?” ಎಂದು ಕೇಳಿದನು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದದ್ದು ನಮಗೆ ಸಮಾಧಾನವನ್ನು ತಂದಿತೆಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಸ್ನಾತಕೋತ್ತರ ಪದವಿಯನ್ನು ಪಡೆದು, ವರ್ಷಗಟ್ಟಲೆ ಪಾಠ ಹೇಳಿದ ಮೇಲೂ, ನಮಗೆ ಗೊತ್ತಿದ್ದ ಪರಮಾಣು ಸಹ ಬಹುಮಟ್ಟಿಗೆ ಪುಸ್ತಕದ ಪರಮಾಣುವೇ ಆಗಿತ್ತು. ನಮ್ಮ ಪುಸ್ತಕ ಅವನ ಪುಸ್ತಕಕ್ಕಿಂತ ದಪ್ಪವಾಗಿತ್ತು, ಅಷ್ಟೆ.

ಈ ಪ್ರಸಂಗ ನಮ್ಮಲ್ಲಿ ಒಂದು ಅಭಿಪ್ರಾಯವನ್ನು ದೃಢಪಡಿಸಿದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಪರಮಾಣುವನ್ನು ಕಲಿಸುತ್ತಿರುವ ಕ್ರಮ ತಲೆಕೆಳಗಾಗಿದೆ. ಮನುಷ್ಯನು ಎರಡು ಸಾವಿರ ವರ್ಷ ಊಹಿಸಿ, ನೂರು ವರ್ಷ ವಾದಿಸಿ ಕಟ್ಟಕಡೆಗೆ ತಲುಪಿದ ನಿರ್ಣಯವನ್ನು ನಾವು ಮೊದಲ ಪುಟದ ಮೊದಲ ವಾಕ್ಯವಾಗಿ ಬರೆಸುತ್ತೇವೆ. ಆ ನಿರ್ಣಯಕ್ಕೆ ದಾರಿ ಯಾವುದು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತೇವೆ. ದಾರಿಯನ್ನು ಅರಿಯದೆ ಗುರಿಯ ಹೆಸರನ್ನು ಮಾತ್ರ ಬಾಯಿಪಾಠ ಮಾಡಿದವನ ಕೈಯಲ್ಲಿ ಇರುವುದು ವಿಜ್ಞಾನವಲ್ಲ, ಮಂತ್ರ.

ಮಂತ್ರವಾದರೆ ಏನು ನಷ್ಟ ಎಂದು ಕೆಲವರು ಕೇಳಬಹುದು. ನಷ್ಟವಿದೆ. “ಪರಮಾಣು ಶಕ್ತಿ ತುಂಬಿದ ಪದಕ”, “ಕ್ವಾಂಟಂ ಶಕ್ತಿಯ ಬಳೆ” ಎಂದು ಹೇಳಿಕೊಂಡು ಸರಕು ಮಾರುವವರು ನಮ್ಮ ನಡುವೆಯೇ ಇದ್ದಾರೆ. ಕೊಳ್ಳುವವರಲ್ಲಿ ಪದವೀಧರರೂ ಇದ್ದಾರೆ. ಮಾರುವವನು ಬಳಸುವ ಶಬ್ದಗಳು ಪಠ್ಯಪುಸ್ತಕದ ಶಬ್ದಗಳೇ. “ಇದು ಹೇಗೆ ತಿಳಿಯಿತು?” ಎಂದು ಒಮ್ಮೆಯೂ ಕೇಳದೆ ಪರಮಾಣುವನ್ನು ಒಪ್ಪಿಕೊಂಡವನು, ಅದೇ ಪ್ರಶ್ನೆಯನ್ನು ಕೇಳದೆ ಪದಕವನ್ನೂ ಒಪ್ಪಿಕೊಳ್ಳುತ್ತಾನೆ. ಆದುದರಿಂದ ಆ ಹುಡುಗನ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಲು ಪ್ರಯತ್ನಿಸುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಮೊದಲು ಒಂದು ಮಾತು. ಪರಮಾಣುವನ್ನು ನಮ್ಮ ಕಣಾದ ಮಹರ್ಷಿಯೇ ಕಂಡುಹಿಡಿದನು, ಇನ್ನೇನು ಪುರಾವೆ ಬೇಕು, ಎನ್ನುವವರಿದ್ದಾರೆ. ವೈಶೇಷಿಕ ದರ್ಶನದಲ್ಲಿ ಪರಮಾಣುವಿನ ವಿಚಾರವಿರುವುದು ನಿಜ; ನಾವು ಇಂದು ಬಳಸುವ ಶಬ್ದವೂ ಅಲ್ಲಿಂದಲೇ ಬಂದದ್ದು. ಎರಡು ಪರಮಾಣು ಕೂಡಿ ದ್ವ್ಯಣುಕವೆಂದೂ, ಮೂರು ದ್ವ್ಯಣುಕಗಳು ಕೂಡಿ ಗವಾಕ್ಷಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣದಷ್ಟಾಗುವುದೆಂದೂ ಆ ಸಂಪ್ರದಾಯದವರು ಹೇಳಿದರು. ಗ್ರೀಸ್ ದೇಶದಲ್ಲಿ ಡೆಮಾಕ್ರಿಟಸ್ ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಇಂಥದೇ ವಿಚಾರವನ್ನು ಮಂಡಿಸಿದ್ದನು. ವಸ್ತುವನ್ನು ಕೊನೆಯಿಲ್ಲದೆ ಒಡೆಯುತ್ತ ಹೋಗುವುದು ಸಾಧ್ಯವಿಲ್ಲ ಎಂಬ ತರ್ಕ ಘನವಾದದ್ದು, ಅದನ್ನು ಗೌರವಿಸಬೇಕು. ಆದರೆ ಧೂಳಿನ ಕಣದಲ್ಲಿ ಆರೇ ಪರಮಾಣುಗಳಿವೆಯೋ ಅರವತ್ತು ಸಾವಿರ ಕೋಟಿ ಇವೆಯೋ ಎಂಬುದನ್ನು ತರ್ಕ ತೀರ್ಮಾನಿಸಲಾರದು. ಅದಕ್ಕೆ ತಕ್ಕಡಿ ಬೇಕು. ತಕ್ಕಡಿಯಿಲ್ಲದ ಪರಮಾಣು ಒಂದು ಸುಂದರವಾದ ಊಹೆಯಾಗಿಯೇ ಉಳಿಯಿತು.

ತಕ್ಕಡಿಯಿಂದ ಮೊದಲು ತಿಳಿದದ್ದು ಪರಮಾಣುವಲ್ಲ, ಮೂಲವಸ್ತು. ಪೃಥಿವಿ, ನೀರು, ತೇಜಸ್ಸು, ವಾಯು, ಆಕಾಶ ಎಂಬ ಪಂಚಭೂತಗಳ ಹೆಸರನ್ನು ಕೇಳದವರಾರು? ಅವುಗಳಲ್ಲಿ ನೀರನ್ನು ಪರೀಕ್ಷಿಸೋಣ. 1783ರಲ್ಲಿ ಫ್ರಾನ್ಸಿನ ಲವಾಸಿಯೇ, ಜಲಜನಕವು ಆಮ್ಲಜನಕದಲ್ಲಿ ಉರಿದಾಗ ನೀರು ಹುಟ್ಟುವುದೆಂದು ತೋರಿಸಿದನು. 1800ರಲ್ಲಿ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ನೀರಿನಲ್ಲಿ ವಿದ್ಯುತ್ತನ್ನು ಹರಿಸಿ, ಅದನ್ನು ಅದೇ ಎರಡು ಅನಿಲಗಳಾಗಿ ಬಿಡಿಸಿದರು. ಕೂಡಿಸಿದರೆ ನೀರು, ಬಿಡಿಸಿದರೆ ಅನಿಲಗಳು. ಹೀಗೆ ನೀರು ಮೂಲವಸ್ತುಗಳ ಪಂಕ್ತಿಯಿಂದ ಎದ್ದುಹೋಯಿತು. ನಮಗೆ ತಿಳಿದ ಯಾವ ರಾಸಾಯನಿಕ ಉಪಾಯದಿಂದಲೂ ಇನ್ನೂ ಸರಳವಾದ ವಸ್ತುಗಳಾಗಿ ಬಿಡಿಸಲಾಗದ್ದು ಯಾವುದೋ ಅದೇ ಮೂಲವಸ್ತು ಎಂದು ಲವಾಸಿಯೇ 1789ರಲ್ಲಿ ಹೇಳಿ, 33 ಹೆಸರುಗಳ ಪಟ್ಟಿಯನ್ನು ಕೊಟ್ಟನು. ಅದರಲ್ಲಿ ಬೆಳಕು ಮತ್ತು ಉಷ್ಣವೂ ಸೇರಿದ್ದವು! ತಪ್ಪಿದ್ದರೂ ಚಿಂತೆಯಿಲ್ಲ, ಏಕೆಂದರೆ ಈ ವ್ಯಾಖ್ಯೆಯಲ್ಲಿ ತಪ್ಪನ್ನು ತಿದ್ದುವ ದಾರಿಯೂ ಅಡಗಿದೆ. ಬಿಡಿಸಿ ತೋರಿಸಿದವನು ಪಟ್ಟಿಯನ್ನು ತಿದ್ದಬಹುದು. ಇಂದು ಆ ಪಟ್ಟಿಯಲ್ಲಿ 118 ಮೂಲವಸ್ತುಗಳಿವೆ. ಸುಮಾರು 90 ನಿಸರ್ಗದಲ್ಲಿ ದೊರೆಯುತ್ತವೆ, ಉಳಿದವು ಮನುಷ್ಯನು ಸೃಷ್ಟಿಸಿದವು.

ಈಗ ಪರಮಾಣುವಿಗೆ ಬರೋಣ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗಬಾರದೆಂದು ಹಿರಿಯರು ಹೇಳುವುದನ್ನು ಕೇಳಿದ್ದೀರಷ್ಟೆ? ಗಾಳಿ ಸಾಲದಾದಾಗ ಇದ್ದಿಲಿನ ಇಂಗಾಲವು ವಿಷಾನಿಲವೊಂದನ್ನು ಕೊಡುತ್ತದೆ. ಗಾಳಿ ಧಾರಾಳವಾಗಿದ್ದಾಗ ಬೇರೊಂದು ಅನಿಲವನ್ನು ಕೊಡುತ್ತದೆ. ಎರಡರಲ್ಲಿಯೂ ಇರುವುದು ಇಂಗಾಲ ಮತ್ತು ಆಮ್ಲಜನಕ ಮಾತ್ರವೆ. ತೂಕ ಮಾಡಿ ನೋಡಿದರೆ ವಿಷಾನಿಲದಲ್ಲಿ 3 ಗ್ರಾಂ ಇಂಗಾಲಕ್ಕೆ 4 ಗ್ರಾಂ ಆಮ್ಲಜನಕ. ಇನ್ನೊಂದರಲ್ಲಿ ಅದೇ 3 ಗ್ರಾಂ ಇಂಗಾಲಕ್ಕೆ 8 ಗ್ರಾಂ. ನಾಲ್ಕರ ಸರಿಯಾಗಿ ಎರಡರಷ್ಟು! ಐದೂ ಅಲ್ಲ, ಆರೂವರೆಯೂ ಅಲ್ಲ.

ಇದರ ಅರ್ಥವೇನು? ಅಂಗಡಿಗೆ ಹೋಗಿ ತುಪ್ಪವನ್ನು ಕೇಳಿದರೆ ಎಷ್ಟು ಬೇಕಾದರೂ ಅಳೆದು ಕೊಡುತ್ತಾರೆ: ಕಾಲು ಸೇರು, ಅರೆಪಾವು, ಎರಡು ಚಮಚ. ತೆಂಗಿನಕಾಯಿಯನ್ನು ಕೇಳಿದರೆ ಎಣಿಸಿ ಕೊಡುತ್ತಾರೆ: ಒಂದು, ಎರಡು, ಮೂರು. ಒಂದು ಮನೆಯಿಂದ ಬಂದ ಕಾಯಿಗಳ ತೂಕ ಇನ್ನೊಂದು ಮನೆಯಿಂದ ಬಂದವುಗಳ ಸರಿಯಾದ ಎರಡರಷ್ಟೋ ಮೂರರಷ್ಟೋ ಆಗಿದ್ದು, ಎಂದೂ ನಡುವಿನ ಲೆಕ್ಕ ಬಾರದಿದ್ದರೆ, ಚೀಲವನ್ನು ಬಿಚ್ಚದೆಯೇ ಹೇಳಬಹುದು: ಒಳಗಿರುವುದು ತುಪ್ಪವಲ್ಲ, ಒಂದೇ ತೂಕದ ಇಡೀ ಕಾಯಿಗಳು ಎಂದು. ಮ್ಯಾಂಚೆಸ್ಟರಿನ ಶಾಲಾ ಉಪಾಧ್ಯಾಯನಾಗಿದ್ದ ಜಾನ್ ಡಾಲ್ಟನ್ನನು 1808ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳು ಇದೇ. ಒಂದು ಮೂಲವಸ್ತುವಿನ ಪರಮಾಣುಗಳೆಲ್ಲ ಒಂದೇ ತೂಕದವು. ಬೇರೆ ಮೂಲವಸ್ತುವಿನವು ಬೇರೆ ತೂಕದವು. ಅವು ಇಡಿಯಾಗಿ, ಒಂದಕ್ಕೆ ಒಂದು, ಒಂದಕ್ಕೆ ಎರಡು ಎಂಬಂತೆ ಕೂಡಿ ಸಂಯುಕ್ತಗಳಾಗುತ್ತವೆ. ಹೀಗೆ ಕೂಡಿದ ಪರಮಾಣುಗಳ ಗುಂಪೇ ಅಣು. (ಒಂದೇ ಮೂಲವಸ್ತುವಿನಲ್ಲಿ ತೂಕ ಬೇರೆಯಾದ ಪರಮಾಣುಗಳೂ ಇರುವುವೆಂದು ಮುಂದೆ 20ನೆಯ ಶತಮಾನದಲ್ಲಿ ತಿಳಿದುಬಂತು. ಅವನ್ನು ಐಸೋಟೋಪುಗಳೆನ್ನುತ್ತೇವೆ.)

ಡಾಲ್ಟನ್ನನೂ ತಪ್ಪು ಮಾಡಿದನು. ನೀರಿನಲ್ಲಿ ಒಂದು ಜಲಜನಕಕ್ಕೆ ಒಂದು ಆಮ್ಲಜನಕ ಎಂದು ಅವನು ಭಾವಿಸಿದ್ದರಿಂದ ಆಮ್ಲಜನಕದ ಪರಮಾಣು ತೂಕ ನಿಜವಾದ ಬೆಲೆಯ ಅರ್ಧಕ್ಕಿಂತಲೂ ಕಡಮೆಯಾಯಿತು. ನೀರಿನಿಂದ ಹೊರಡುವ ಜಲಜನಕದ ಗಾತ್ರ ಆಮ್ಲಜನಕದ ಎರಡರಷ್ಟಿರುವುದನ್ನು ನೋಡಿ, ಸಮಾನ ಉಷ್ಣತೆ ಮತ್ತು ಒತ್ತಡದಲ್ಲಿರುವ ಅನಿಲಗಳ ಸಮಾನ ಗಾತ್ರಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆಂದು ಇಟಲಿಯ ಅವಗಾಡ್ರೊ 1811ರಲ್ಲಿ ಸೂಚಿಸಿದ್ದನು. ಸುಮಾರು ಐವತ್ತು ವರ್ಷ ಆ ಮಾತಿಗೆ ಬೆಲೆ ದೊರೆಯಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನಶಾಸ್ತ್ರಜ್ಞರು ಸಮ್ಮೇಳನ ಸೇರಿದಾಗ, ಅವನ ದೇಶದವನೇ ಆದ ಕನಿಜಾರೊ ಅದನ್ನು ಎತ್ತಿಹಿಡಿದ ಮೇಲೆ ಪರಮಾಣು ತೂಕಗಳ ಗೊಂದಲ ಬಗೆಹರಿಯತೊಡಗಿತು. ಆ ಸಭೆಯಲ್ಲಿದ್ದ ರಷ್ಯದ ತರುಣ ಮೆಂಡಲೀಫನು 1869ರಲ್ಲಿ ಮೂಲವಸ್ತುಗಳನ್ನು ತೂಕದ ಕ್ರಮದಲ್ಲಿ ಜೋಡಿಸಿ, ಗುಣಗಳು ಮರುಕಳಿಸುವುದನ್ನು ಕಂಡನು. ಅಷ್ಟೇ ಅಲ್ಲ, ಪಟ್ಟಿಯಲ್ಲಿ ಖಾಲಿ ಸ್ಥಳಗಳನ್ನು ಬಿಟ್ಟು, ಅಲ್ಲಿ ಬರಬೇಕಾದವುಗಳ ಗುಣಗಳನ್ನು ಮೊದಲೇ ಬರೆದಿಟ್ಟನು. ಹೆಸರಿಡುವಾಗ ಸಂಸ್ಕೃತದ ‘ಏಕ’ ಶಬ್ದವನ್ನು ಬಳಸಿಕೊಂಡು ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಕರೆದನು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ದೊರೆತು ಮೂರು ಸ್ಥಳಗಳೂ ತುಂಬಿದವು.

ಇಷ್ಟಾದ ಮೇಲಾದರೂ ಎಲ್ಲರೂ ಪರಮಾಣುವನ್ನು ನಂಬಿದರೆ? ಇಲ್ಲ. ಇದನ್ನು ನಮ್ಮ ಪುಸ್ತಕಗಳು ವಿದ್ಯಾರ್ಥಿಗಳಿಗೆ ಹೇಳುವುದೇ ಇಲ್ಲ. 19ನೆಯ ಶತಮಾನದ ಕೊನೆಯಲ್ಲಿಯೂ ವಿಯೆನ್ನಾದ ಅರ್ನ್ಸ್ಟ್ ಮಾಕ್, ಜರ್ಮನಿಯ ವಿಲ್ಹೆಲ್ಮ್ ಆಸ್ಟ್‌ವಾಲ್ಡರಂಥ ಘನ ವಿಜ್ಞಾನಿಗಳು ಪರಮಾಣುವನ್ನು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಯೆಂದು ಮಾತ್ರ ಎಣಿಸಿದ್ದರು. ಅವರು ಮೂರ್ಖರೆ? ಖಂಡಿತ ಅಲ್ಲ. ಯಾರೂ ಕಾಣದ ವಸ್ತುವನ್ನು ಇದೆಯೆನ್ನಬೇಕಾದರೆ ಬಲವಾದ ಸಾಕ್ಷ್ಯ ಬೇಕು ಎಂದು ಅವರು ಹಟ ಹಿಡಿದರು. ಪರಮಾಣುಗಳ ಪರವಾಗಿ ಜೀವಮಾನವೆಲ್ಲ ವಾದಿಸಿದ ಬೋಲ್ಟ್ಸ್‌ಮನ್ನನು 1906ರಲ್ಲಿ ತೀರಿಕೊಂಡಾಗ ವಾದ ಇನ್ನೂ ಮುಗಿದಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ನಮ್ಮ 98 ಅಂಕದ ಹುಡುಗನಿಗಿಂತ ಪರಮಾಣುವನ್ನು ನಂಬದಿದ್ದ ಆಸ್ಟ್‌ವಾಲ್ಡನೇ ವಿಜ್ಞಾನಕ್ಕೆ ಹತ್ತಿರದವನು. ಏನನ್ನು ತೋರಿಸಿದರೆ ತಾನು ನಂಬುವೆನೆಂಬುದು ಅವನಿಗೆ ತಿಳಿದಿತ್ತು.

ತೋರಿಸಿದವನು ಫ್ರಾನ್ಸಿನ ಜಾನ್ ಪೆರಿನ್. ಕಥೆ ಹಿಂದಿನಿಂದ ಬರಬೇಕು. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ಹೂವಿನ ಪರಾಗದೊಳಗಿನ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅವು ಕ್ಷಣವೂ ನಿಲ್ಲದೆ ಅತ್ತಿತ್ತ ನಡುಗುತ್ತಿದ್ದವು. ಜೀವವಿರುವುದರಿಂದ ಚಲಿಸುತ್ತಿರಬಹುದೆ ಎಂದು ಶಂಕಿಸಿ ಅವನು ಗಾಜಿನ ಪುಡಿಯನ್ನೂ ಕಲ್ಲಿನ ಪುಡಿಯನ್ನೂ ಹಾಕಿ ನೋಡಿದನು, ಅವೂ ನಡುಗಿದವು! ಜಾತ್ರೆಯ ರಾತ್ರಿ ದೂರದ ಗುಡ್ಡದ ಮೇಲೆ ನಿಂತವನಿಗೆ ದೀಪಗಳಿರುವ ಉತ್ಸವದ ಪಲ್ಲಕ್ಕಿ ಮಾತ್ರ ಕಾಣುತ್ತದೆ, ಕತ್ತಲಿನಲ್ಲಿರುವ ಜನ ಕಾಣುವುದಿಲ್ಲ. ಆದರೆ ಪಲ್ಲಕ್ಕಿ ಹಿಂದಕ್ಕೂ ಮುಂದಕ್ಕೂ ತೂಗಾಡುವುದನ್ನು ನೋಡಿಯೇ, ಕೆಳಗೆ ನೂಕುತ್ತಿರುವ ಜನಸಂದಣಿಯಿದೆಯೆಂದು ಅವನು ಅರಿಯುತ್ತಾನೆ. ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಕಣಗಳನ್ನು ನೂಕುತ್ತಿರುವುದಾದರೆ ಇಷ್ಟು ಕಾಲದಲ್ಲಿ ಕಣವೊಂದು ಸರಾಸರಿ ಇಷ್ಟು ದೂರ ಸರಿಯಬೇಕು ಎಂಬ ಲೆಕ್ಕವನ್ನು 1905ರಲ್ಲಿ ಐನ್‌ಸ್ಟೈನನು ಮಾಡಿಕೊಟ್ಟನು.

ಆ ಲೆಕ್ಕವನ್ನು ಪರೀಕ್ಷಿಸಲು ಪೆರಿನ್ನನು 1908ರ ಸುಮಾರಿನಲ್ಲಿ ತೊಡಗಿದನು. ಅವನು ಆರಿಸಿಕೊಂಡ ವಸ್ತು ಗ್ಯಾಂಬೋಜ್ ಎಂಬ ಹಳದಿ ಅಂಟು. ಚಿತ್ರಕಾರರು ಬಣ್ಣಕ್ಕೆ ಬಳಸುತ್ತಿದ್ದ ಈ ಅಂಟು ನಮ್ಮ ಮಲೆನಾಡಿನ ಪುನರ್ಪುಳಿ, ಉಪ್ಪಾಗೆಗಳ ಕುಲಕ್ಕೇ ಸೇರಿದ ಮರಗಳ ಹಾಲು ಒಣಗಿ ಆಗುವಂಥದು. ಅದನ್ನು ನೀರಿನಲ್ಲಿ ಉಜ್ಜಿ, ಒಂದೇ ಅಳತೆಯ ಕಣಗಳನ್ನು ತಿಂಗಳುಗಟ್ಟಲೆ ಶ್ರಮದಿಂದ ಬೇರ್ಪಡಿಸಿದನು. ಬೆಟ್ಟವನ್ನು ಏರಿದಂತೆ ಗಾಳಿ ವಿರಳವಾಗುವುದಷ್ಟೆ? ಸುಮಾರು ಐದೂವರೆ ಕಿಲೋಮೀಟರು ಏರಿದರೆ ಗಾಳಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ಹಾಗೆಯೇ ನೀರಿನಲ್ಲಿ ತೇಲುವ ಗ್ಯಾಂಬೋಜಿನ ಕಣಗಳೂ ತಳದಲ್ಲಿ ದಟ್ಟವಾಗಿ, ಮೇಲಕ್ಕೆ ಹೋದಂತೆ ವಿರಳವಾಗಬೇಕು. ಆದರೆ ಕಣ ಅಣುವಿಗಿಂತ ಬಹಳ ಭಾರವಾದ್ದರಿಂದ ಮಿಲಿಮೀಟರಿನ ಅಲ್ಪಭಾಗದಷ್ಟು ಏರುವುದರೊಳಗೇ ಅರ್ಧವಾಗಬೇಕು. ಪೆರಿನ್ನನು ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಎತ್ತರದ ಕಣಗಳನ್ನು ಎಣಿಸಿದನು, ಹಾಗೆಯೇ ಆಯಿತು. ಕಣದ ತೂಕವನ್ನು ಅಳೆಯಬಹುದು. ಎರಡು ಎತ್ತರಗಳನ್ನು ಹೋಲಿಸಿದರೆ ಅಣುವಿನ ತೂಕ ಹೊರಬೀಳುತ್ತದೆ. ಕಾಣದ ಅಣುವನ್ನು ಕಾಣುವ ಅಂಟಿನ ಕಣದ ಎದುರಿಗೆ ತಕ್ಕಡಿಯಲ್ಲಿಟ್ಟು ತೂಗಿದಂತಾಯಿತು.

ಪೆರಿನ್ನನು ಇಷ್ಟಕ್ಕೇ ನಿಲ್ಲಲಿಲ್ಲ. ಅನಿಲಗಳ ಸ್ನಿಗ್ಧತೆಯಿಂದ, ಬ್ರೌನನ ಚಲನೆಯಿಂದ, ಆಕಾಶದ ನೀಲಿ ಬಣ್ಣದಿಂದ, ವಿಕಿರಣ ವಸ್ತುಗಳು ಹೊರಸೂಸುವ ಕಣಗಳ ಎಣಿಕೆಯಿಂದ, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ವಿಧಾನಗಳಿಂದ ಅವಗಾಡ್ರೊ ಸಂಖ್ಯೆಯನ್ನು, ಎಂದರೆ ಸುಮಾರು 2 ಗ್ರಾಂ ಜಲಜನಕದಲ್ಲಿರುವ ಅಣುಗಳ ಸಂಖ್ಯೆಯನ್ನು, ಹೋಲಿಸಿ 1913ರಲ್ಲಿ ತನ್ನ ಗ್ರಂಥದಲ್ಲಿ ಪಟ್ಟಿ ಮಾಡಿದನು. ಎಲ್ಲವೂ ಆರು ಏಳರ ಮುಂದೆ ಇಪ್ಪತ್ತಮೂರು ಸೊನ್ನೆಗಳಿಡುವಷ್ಟರ ಆಸುಪಾಸಿಗೆ ಬಂದು ನಿಂತವು. ಒಬ್ಬರನ್ನೊಬ್ಬರು ಕಂಡೇ ಇರದ ಹತ್ತು ಊರಿನ ಹತ್ತು ಸಾಕ್ಷಿಗಳು ನ್ಯಾಯಾಲಯಕ್ಕೆ ಬಂದು ಒಂದೇ ಮಾತನ್ನು ಹೇಳಿದರೆ ನ್ಯಾಯಾಧೀಶನು ಏನು ಮಾಡಬೇಕು? ಆಸ್ಟ್‌ವಾಲ್ಡನು 1909ರಲ್ಲಿಯೇ ತನ್ನ ಪಠ್ಯಗ್ರಂಥದ ಹೊಸ ಆವೃತ್ತಿಯ ಮುನ್ನುಡಿಯಲ್ಲಿ ಪರಮಾಣುವಿಗೆ ಪ್ರಾಯೋಗಿಕ ಆಧಾರ ದೊರೆತಿದೆಯೆಂದು ಒಪ್ಪಿಕೊಂಡಿದ್ದನು. ತಪ್ಪನ್ನು ಅಚ್ಚುಹಾಕಿಸಿ ಒಪ್ಪಿಕೊಳ್ಳುವುದು ಸಣ್ಣ ಧೈರ್ಯವಲ್ಲ.

ಪರಮಾಣು ಇದೆಯೆಂದು ಲೋಕ ಒಪ್ಪುವ ಹೊತ್ತಿಗೆ ಅದು ಒಡೆಯಲಾಗದ್ದೆಂಬ ಮಾತು ಸುಳ್ಳಾಗಿತ್ತೆಂಬುದು ಒಂದು ಚೋದ್ಯ. 1897ರಲ್ಲಿ ಜೆ. ಜೆ. ಥಾಮ್ಸನ್ನನು ಎಲೆಕ್ಟ್ರಾನನ್ನು ಕಂಡುಹಿಡಿದಿದ್ದನು. 1909ರಲ್ಲಿ ಗೈಗರ್ ಮತ್ತು ಮಾರ್ಸ್ಡನ್ ಆಲ್ಫಾ ಕಣಗಳನ್ನು ತೆಳುವಾದ ಲೋಹದ ರೇಕಿಗೆ ಹೊಡೆದಾಗ ಸುಮಾರು 8000ಕ್ಕೆ ಒಂದು ಕಣ ಹಿಂದಿರುಗಿ ಬಂದಿತು. ಇದರಿಂದ 1911ರಲ್ಲಿ ರುದರ್‌ಫರ್ಡನು, ಪರಮಾಣುವಿನ ತೂಕವೆಲ್ಲ ಅದರ ನಡುವಿನ ಅತ್ಯಲ್ಪ ಬೀಜದಲ್ಲಿ ಕೂಡಿದೆಯೆಂದು ನಿರ್ಣಯಿಸಿದನು. ಅದೇ ನ್ಯೂಕ್ಲಿಯಸ್ಸು. ಅದು ಒಂದು ರಾಗಿಕಾಳಿನಷ್ಟಿದ್ದರೆ ಪರಮಾಣು ಶಾಲೆಯ ಆಟದ ಬಯಲಿನಷ್ಟಿರುತ್ತದೆ. ಪುಸ್ತಕದ ಚಿತ್ರದಲ್ಲಿ ಗೋಲಿಗಾತ್ರದ ನ್ಯೂಕ್ಲಿಯಸ್ಸನ್ನೂ ಅದನ್ನು ಗ್ರಹಗಳಂತೆ ಸುತ್ತುವ ಎಲೆಕ್ಟ್ರಾನುಗಳನ್ನೂ ಬರೆದಿರುತ್ತಾರೆ. ಅಳತೆಯೂ ಸರಿಯಲ್ಲ, ಗ್ರಹಗಳ ಹೋಲಿಕೆಯೂ ಈಗ ಸಲ್ಲದು. ಹಾಗಾದರೆ ಪರಮಾಣುವನ್ನು ಹೇಗೆ ವ್ಯಾಖ್ಯಾನಿಸಬೇಕು? ಮೂಲವಸ್ತುವೊಂದರ ಗುಣವನ್ನು ಉಳಿಸಿಕೊಂಡಿರುವ ಅತ್ಯಂತ ಚಿಕ್ಕ ಭಾಗವೇ ಅದರ ಪರಮಾಣು. ಒಡೆಯಬಹುದು, ಆದರೆ ಒಡೆದ ಮೇಲೆ ಅದು ಆ ಮೂಲವಸ್ತುವಾಗಿ ಉಳಿಯದು. ಗುರುತು ಇರುವುದು ಪ್ರೋಟಾನುಗಳ ಸಂಖ್ಯೆಯಲ್ಲಿ: 79 ಇದ್ದರೆ ಚಿನ್ನ, 80 ಇದ್ದರೆ ಪಾದರಸ. ನಮ್ಮ ಹುಡುಗನ ಎರಡು ವಾಕ್ಯಗಳ ನಡುವೆ ಇದ್ದ ಬಿರುಕು ಹೀಗೆ ಮುಚ್ಚುತ್ತದೆ.

ಇಂದು ಪರಮಾಣುವನ್ನು ಕಾಣುವುದೂ ಸಾಧ್ಯವಾಗಿದೆ. 1955ರಲ್ಲಿ ಎರ್ವಿನ್ ಮ್ಯುಲ್ಲರನು ತನ್ನ ಉಪಕರಣದಿಂದ ಸೂಜಿಮೊನೆಯಲ್ಲಿರುವ ಪರಮಾಣುಗಳ ಬಿಂಬವನ್ನು ಪಡೆದನು. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ರಚಿಸಿದ ಸೂಕ್ಷ್ಮದರ್ಶಕವು ಕುರುಡನು ಬೆರಳಿನಿಂದ ತಡವಿ ಅರಿಯುವಂತೆ ವಸ್ತುವಿನ ಮೇಲ್ಮೈಯನ್ನು ಪರಮಾಣು ಪರಮಾಣುವಾಗಿ ಅರಿಯುತ್ತದೆ. ಆದರೆ ಈ ಚಿತ್ರಗಳನ್ನು ತೋರಿಸಿ “ನೋಡಿ, ಇದೇ ಪುರಾವೆ” ಎಂದು ಮುಗಿಸುವುದೂ ಸರಿಯಲ್ಲ. ಆ ಯಂತ್ರವನ್ನು ಏಕೆ ನಂಬಬೇಕೆಂದು ತಿಳಿಯದವನಿಗೆ ಅದೂ ಪುಸ್ತಕದ ಇನ್ನೊಂದು ಚಿತ್ರ ಮಾತ್ರ.

ಆದುದರಿಂದ ನಮ್ಮ ಸಲಹೆಗಳು ಮೂರು. ಮೊದಲನೆಯದು, ಪಾಠವು ಪರಮಾಣುವಿನಿಂದ ಆರಂಭವಾಗದೆ ವಸ್ತುವಿನಿಂದ ಆರಂಭವಾಗಲಿ: ನೀರನ್ನು ಬಿಡಿಸುವುದು, ಇದ್ದಿಲನ್ನು ಉರಿಸುವುದು, ತೂಗುವುದು, ಪರಮಾಣು ಕೊನೆಗೆ ಬರಲಿ. ಎರಡನೆಯದು, ಪ್ರತಿಯೊಂದು ಪ್ರಶ್ನೆಪತ್ರಿಕೆಯಲ್ಲಿಯೂ “ಇದು ಹೇಗೆ ತಿಳಿಯಿತು?” ಎಂಬ ಒಂದು ಪ್ರಶ್ನೆ ಕಡ್ಡಾಯವಾಗಿರಲಿ, ಪರೀಕ್ಷೆಗೆ ಬಾರದ್ದನ್ನು ನಾವೂ ಕಲಿಸುವುದಿಲ್ಲ, ವಿದ್ಯಾರ್ಥಿಗಳೂ ಕಲಿಯುವುದಿಲ್ಲ. ಮೂರನೆಯದು, ಪ್ರತಿಯೊಬ್ಬ ವಿದ್ಯಾರ್ಥಿಯೂ ಅಣುವಿನ ಲೋಕದ ಒಂದಾದರೂ ಅಳತೆಯನ್ನು ಸ್ವಂತ ಕೈಯಿಂದ ಮಾಡಲಿ.

ಆಕ್ಷೇಪಗಳು ನಮಗೆ ತಿಳಿದಿವೆ. ಪಠ್ಯಕ್ರಮ ಮುಗಿಯದು ಎನ್ನುತ್ತಾರೆ. ಮುಗಿದ ಪಠ್ಯಕ್ರಮದಿಂದ ಹುಡುಗನ ತಲೆಯಲ್ಲಿ ಉಳಿದದ್ದೇನು ಎಂಬುದನ್ನು ನಾವು ಆ ದಿನ ನೋಡಿದ್ದೇವೆ. ಪ್ರತಿಯೊಂದನ್ನೂ ಎಲ್ಲರೂ ಪರೀಕ್ಷಿಸಿ ನೋಡಲು ಸಾಧ್ಯವೆ, ಯಾರನ್ನಾದರೂ ನಂಬಲೇಬೇಕಲ್ಲವೆ, ಎನ್ನುತ್ತಾರೆ. ಈ ಮಾತು ನಿಜ. ನಾವೂ ಪೆರಿನ್ನನ ಎಣಿಕೆಯನ್ನು ಮತ್ತೆ ಮಾಡಿಲ್ಲ. ಆದರೆ ನಂಬಿಕೆಯಲ್ಲಿ ಎರಡು ಬಗೆ. ಬೇಕಾದವರು ನಡೆದು ನೋಡಬಹುದಾದ ದಾರಿಯೊಂದಿದೆಯೆಂದು ತಿಳಿದು, ಅದರ ಒಂದು ಮೈಲಿಯನ್ನಾದರೂ ತಾನು ನಡೆದು, ಉಳಿದದ್ದನ್ನು ನಂಬುವುದು ಒಂದು. ದಾರಿಯೇ ಇದೆಯೋ ಇಲ್ಲವೋ ಎಂದು ಕೇಳದೆ ನಂಬುವುದು ಇನ್ನೊಂದು. ಮೂರನೆಯ ಆಕ್ಷೇಪ, ಪ್ರಯೋಗಶಾಲೆಯಿಲ್ಲ ಎಂಬುದು. ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಎಂಬಾಕೆ ವಿಶ್ವವಿದ್ಯಾನಿಲಯಕ್ಕೆ ಹೋದವಳಲ್ಲ. ಮನೆಯ ಅಡಿಗೆಮನೆಯಲ್ಲಿ ನೀರು ತುಂಬಿದ ತಟ್ಟೆಯನ್ನಿಟ್ಟುಕೊಂಡು ಎಣ್ಣೆಯ ಪದರಗಳ ಮೇಲೆ ಅವಳು ನಡೆಸಿದ ಪ್ರಯೋಗಗಳು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದವು.

ಆ ಹುಡುಗನಿಗೆ ನಾವು ಉತ್ತರ ಹೇಳಿದ್ದೂ ಒಂದು ಹರಿವಾಣದ ನೀರಿನಿಂದಲೇ. ಮುಂದಿನ ವಾರ ಒಂದು ಸಂಜೆ ಅವನನ್ನೂ ಅವನ ಇಬ್ಬರು ಗೆಳೆಯರನ್ನೂ ಪ್ರಯೋಗಶಾಲೆಗೆ ಕರೆದೆವು. ಓಲಿಯಿಕ್ ಆಮ್ಲವೆಂಬ ಎಣ್ಣೆಯಂಥ ದ್ರವವನ್ನು 400 ಪಾಲಿಗೆ ಒಂದು ಪಾಲು ಇರುವಂತೆ ಆಲ್ಕೊಹಾಲಿನಲ್ಲಿ ಕರಗಿಸಿದೆವು. ಆ ದ್ರಾವಣದ 50 ಹನಿಗಳು ಒಂದು ಘನ ಸೆಂಟಿಮೀಟರ್ ಆಗುತ್ತವೆಂದು ಎಣಿಸಿದೆವು. ಅಗಲವಾದ ಹರಿವಾಣದಲ್ಲಿ ನೀರು ತುಂಬಿ, ಅದರ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ನಡುವೆ ಒಂದೇ ಒಂದು ಹನಿ ಬಿಟ್ಟೆವು. ಪೌಡರು ಸರ್ರನೆ ಸುತ್ತಲೂ ಸರಿದು, ನಡುವೆ ಗುಂಡಾದ ಬಯಲೊಂದು ತೆರೆಯಿತು. ಆಲ್ಕೊಹಾಲು ನೀರಿನಲ್ಲಿ ಬೆರೆತು ಹೋಯಿತು. ಆಮ್ಲ ಪದರವಾಗಿ ಉಳಿಯಿತು. ಹುಡುಗರು ಅಡ್ಡಳತೆ ತೆಗೆದರು: 18 ಸೆಂಟಿಮೀಟರು. ಉಳಿದದ್ದು ಹೈಸ್ಕೂಲಿನ ಲೆಕ್ಕ. ಹನಿಯಲ್ಲಿದ್ದ ಆಮ್ಲ ಒಂದು ಘನ ಸೆಂಟಿಮೀಟರಿನ 20,000ದಲ್ಲಿ ಒಂದು ಭಾಗ. ಹರಡಿದ ಕ್ಷೇತ್ರಫಲ ಸುಮಾರು 254 ಚದರ ಸೆಂಟಿಮೀಟರು. ಭಾಗಿಸಿದಾಗ ಪದರದ ದಪ್ಪ ಒಂದು ಸೆಂಟಿಮೀಟರಿನ ಸುಮಾರು ಐವತ್ತು ಲಕ್ಷದಲ್ಲಿ ಒಂದು ಭಾಗವೆಂದು ಬಂದಿತು. ಪದರದಲ್ಲಿ ಅಣುಗಳು ಒಂದೇ ಸಾಲಾಗಿ ನಿಂತಿದ್ದರೆ ಅದೇ ಅಣುವಿನ ಉದ್ದ. ಪರಮಾಣು ಅದಕ್ಕಿಂತ ಚಿಕ್ಕದಾಗಿರಲೇಬೇಕು.

ಹುಡುಗ ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತ ಕುಳಿತನು. ಎದ್ದು ಹೊರಡುವಾಗ ಬಾಗಿಲಿನಲ್ಲಿ ನಿಂತು, “ಸರ್, ಅಣುಗಳು ಒಂದೇ ಸಾಲಾಗಿ ನಿಂತಿವೆ ಎಂದುಕೊಂಡೆವಲ್ಲ, ಎರಡು ಸಾಲು ಇಲ್ಲವೆಂದು ಹೇಗೆ ಗೊತ್ತು?” ಎಂದು ಕೇಳಿದನು.

ಈ ಸಲ ಗಂಟೆ ಹೊಡೆಯಲಿಲ್ಲ. ಹೊಡೆಯಲಿ ಎಂದು ನಾವು ಬಯಸಲೂ ಇಲ್ಲ. “ನಾಳೆ ಬಾ. ಎರಡು ಹನಿ ಬಿಟ್ಟರೆ ಬಯಲು ಎರಡರಷ್ಟಾಗುತ್ತದೆಯೋ ಪದರ ದಪ್ಪವಾಗುತ್ತದೆಯೋ ನೋಡೋಣ. ಅಲ್ಲಿಂದ ಮುಂದೆ ಯೋಚಿಸೋಣ” ಎಂದೆವು. ಹರಿವಾಣವನ್ನು ತೊಳೆದಿಡಲು ಅವನು ತಾನಾಗಿಯೇ ಹಿಂದಿರುಗಿ ಬಂದನು.